ಇಪ್ಪತ್ತನೇ ಸೆಕೆಂಡ್ ಆದ್ಮೇಲೆ

ಫೆಬ್ರವರಿ 3, ಸೋಮವಾರ. ಬೆಳಿಗ್ಗೆ 8.10

ಅತ್ತೆಗೆ ಡ್ರಾಪ್ಸ್ ಹಾಕಿದೆ. ಎಡಗಣ್ಣಿಗೆ ಎರಡು ಹನಿ, ಬಲಗಣ್ಣಿಗೆ ಎರಡು, ಎಂದಿನ ಹಾಗೆ ಒಂದು ಕೆನ್ನೆಗೆ. "ಕಣ್ಣು ಇನ್ನೂ ಸ್ವಲ್ಪ ಮೇಲಿದೆ ಕಣೇ" ಅಂದ್ರು. ಪೊರೆ ಬಂದಿರೋದು ಅವರಿಗೆ, ಗುರಿ ತಪ್ಪೋದು ನನಗೆ.

ನಿನ್ನೆ ಲ್ಯಾಬಿನ ಕಂಪ್ಯೂಟರಲ್ಲಿ ಹಚ್ಚಿಟ್ಟ ರನ್ ಮುಗಿದಿದೆ. ಮುನ್ನೂರ ಹನ್ನೆರಡು ಕೇಸ್. ಮುನ್ನೂರ ಹನ್ನೆರಡೂ ಸ್ಟೇಬಲ್. ಟೇಬಲ್ ಪೂರ್ತಿ ಹಸಿರು. ಮುಗೀತು!

28ಕ್ಕೆ ಥೀಸಿಸ್ ಒಪ್ಪಿಸಬೇಕು. ಗಡುವು ಒಂದ್ಸಲ ಮುಂದಕ್ಕೆ ಹಾಕಿಸ್ಕೊಂಡಾಗಿದೆ. ಈ ಸಲ ತಪ್ಪಿದ್ರೆ ರಿಜಿಸ್ಟ್ರೇಶನ್ನೇ ರದ್ದು, ಐದು ವರ್ಷ ನೀರುಪಾಲು. ತಪ್ಪಲ್ಲ ಬಿಡು. ಇನ್ನೇನು, ಕೊನೆಯ ಅಧ್ಯಾಯ, ಚಿತ್ರಗಳ ನಂಬರು, ಪರಿವಿಡಿ.

ಒಪ್ಪಿಸಿದ ಮಾರನೇ ವಾರವೇ ಅತ್ತೆ ಕಣ್ಣಿನ ಆಪರೇಷನ್. ಎರಡು ಸಲ ನಾನೇ ಮುಂದೂಡಿದೀನಿ. ಕೇಳಿದ್ರೆ, ನನ್ನ ಕಣ್ಣೇನು ಓಡಿ ಹೋಗುತ್ತಾ, ನಿನ್ನ ಪುಸ್ತಕ ಮುಗಿಸು ಅಂತಾರೆ.

ಫೆಬ್ರವರಿ 5, ಬುಧವಾರ. ಸಂಜೆ

ಅತ್ತೆ ಮೇಲೆ ರೇಗಿದೆ. ರೇಗಬಾರದಿತ್ತು.

ತಾವಾಗೇ ಬಂದು ಪಕ್ಕದಲ್ಲಿ ಕೂತಿದ್ರು. ಎರಡು ದಿನದಿಂದ ಗುನುಗ್ತಾ ಓಡಾಡ್ತಿದೀಯಲ್ಲ, ಏನದು ತೋರಿಸು ಅಂದ್ರು. ಇಪ್ಪತ್ತೇಳು ವರ್ಷ ಕರೆಂಟಿನ ಗ್ರಿಡ್ ಕಂಟ್ರೋಲ್ ರೂಮಲ್ಲಿ ಶಿಫ್ಟ್ ಮಾಡಿದವರು. ಗೋಡೆ ತುಂಬ ಮೀಟರು, ಮೇಜಿನ ಮೇಲೆ ಮೂರು ಫೋನು. ಅಂಥವರಿಗೆ ನನ್ನ ಕೆಲಸ ಏನು ಅಂತ ಐದು ವರ್ಷದಲ್ಲಿ ಒಂದ್ಸಲವೂ ಕೂತು ಹೇಳಿಲ್ಲ. ಅವರ ಕಾಲವೇ ಬೇರೆ, ಏನು ಅರ್ಥ ಆಗುತ್ತೆ ಅನ್ನೋ ಜಂಭ. ಇಲ್ಲಿ ಒಪ್ಕೊಳ್ಳೋಕೆ ಏನಂತೆ, ಯಾರು ಓದ್ತಾರೆ.

ಇವತ್ತು ಹೇಳಿದೆ. ನಿಮ್ಮ ಕಾಲದಲ್ಲಿ ಸ್ಟೇಷನ್ ಸ್ಟೇಷನ್ನಲ್ಲೂ ನೂರಾರು ಟನ್ನಿನ ಚಕ್ರ ತಿರುಗ್ತಿತ್ತು. ಒಂದು ಬಿದ್ರೂ ಉಳಿದವುಗಳ ಓಟದ ಭಾರ ಸ್ವಲ್ಪ ಹೊತ್ತು ತಡ್ಕೊಳ್ತಿತ್ತು. ಮುಂದಿನ ಗ್ರಿಡ್ಡಲ್ಲಿ ಆ ಚಕ್ರ ಇರಲ್ಲ. ಬಿಸಿಲು, ಗಾಳಿ, ಬ್ಯಾಟರಿ. ಅದನ್ನ ಕಂಪ್ಯೂಟರಲ್ಲಿ ಕಟ್ಟಿ, ಒಂದೊಂದೇ ಪೆಟ್ಟು ಕೊಟ್ಟು, ನಿಲ್ಲುತ್ತೋ ಬೀಳುತ್ತೋ ನೋಡ್ತೀನಿ ಅಂದೆ. ಓಹೋ, ತನ್ನ ಪಾಡಿಗೆ ತಾನಿರೋದನ್ನ ತಳ್ಳಿ ನೋಡ್ತೀಯ ಅಂದ್ರು. ನನ್ನ ಇಡೀ ಪೀಠಿಕೆ ಅಷ್ಟೇ ನೋಡಿದ್ರೆ.

ಸ್ಕ್ರೀನ್ ಅವರಿಗೆ ಬರೀ ಬೆಳಕಿನ ಚೌಕ. ಹಾಗಾಗಿ ಒಂದು ಗ್ರಾಫ್ ಪ್ರಿಂಟ್ ತೆಗೆದು, ಅವರ ತೋರುಬೆರಳು ಹಿಡ್ಕೊಂಡು ಗೆರೆ ಮೇಲೆ ಓಡಿಸಿದೆ. ಇಲ್ಲಿ ಪೆಟ್ಟು. ಇಲ್ಲಿ ಕುಸೀತು. ಇಲ್ಲಿ ಎದ್ದು ಸ್ವಲ್ಪ ತೂಗಾಡ್ತು. ಇಲ್ಲಿ ನೆಟ್ಟಗಾಯ್ತು. ಬೆರಳು ಹಾಳೆಯ ಅಂಚು ದಾಟಿ ಮೇಜಿನ ಮೇಲೆ ಇಳೀತು.

"ಮುಂದೆ?"

ಮುಂದೆ ಏನಿಲ್ಲ ಅತ್ತೆ, ಇಪ್ಪತ್ತು ಸೆಕೆಂಡಿಗೆ ನಿಲ್ಸಿದೀನಿ ಅಂದೆ.

"ನೀನು ನಿಲ್ಸಿದೆ ಸರಿ. ಅದು ನಿಂತಿತಾ?"

ನೆಟ್ಟಗಾಗಿದ್ದು ಆಮೇಲೂ ನೆಟ್ಟಗೇ ಇರುತ್ತೆ, ಎಲ್ರೂ ಹೀಗೇ ಮಾಡೋದು ಅಂದೆ. ನಮ್ಮ ಕಂಟ್ರೋಲ್ ರೂಮಲ್ಲಿ ಒಂದು ಕಟ್ಟಳೆ ಇತ್ತು ಅಂದ್ರು. ಎಲ್ಲೇ ಏನೇ ಬಿದ್ರೂ ಎರಡು ನಿಮಿಷ ಕೈ ಕಟ್ಟಿ ಕೂರ್ಬೇಕು. ಮೀಟರ್ ನೋಡ್ಬಹುದು, ಪೆನ್ ಮುಟ್ಟೋ ಹಾಗಿಲ್ಲ. ಎರಡು ನಿಮಿಷ ಆದ್ಮೇಲೇ ಲಾಗ್ ಪುಸ್ತಕದಲ್ಲಿ ಬರೆಯೋದು.

ಆಗಲೇ ನಾನು ಬಾಯಿಗೆ ಬಂದಿದ್ದು ಅಂದಿದ್ದು. ಅದು ನಿಮ್ಮ ಹಳೇ ಡಬ್ಬ ಮೀಟರ್ ಕಾಲ, ಇದು ಬೇರೆ, ಸುಮ್ನೆ ತಲೆ ತಿನ್ಬೇಡಿ ಅಂತ. ಅವರು ಬೆರಳು ಮಡಚಿ ಎದ್ದು, ಗೋಡೆ ಸವರ್ತಾ ಒಳಗೆ ಹೋದ್ರು.

ಫೆಬ್ರವರಿ 6, ಗುರುವಾರ. ಬೆಳಿಗ್ಗೆ 11

ಅವರ ಬಾಯಿ ಮುಚ್ಚಿಸೋಕೆ ಅಂತ ಒಂದೇ ಒಂದು ಕೇಸನ್ನ ನೂರಿಪ್ಪತ್ತು ಸೆಕೆಂಡ್ ಓಡಿಸಿದೆ. ನಿನ್ನೆ ತೋರಿಸಿದ್ದೇ ಕೇಸು.

ಐವತ್ತರವರೆಗೆ ನೆಟ್ಟಗೆ. ಐವತ್ತೈದಕ್ಕೆ ಒಂದು ಸಣ್ಣ ಅಲೆ. ಅರವತ್ತಕ್ಕೆ ಅದರ ಎರಡರಷ್ಟು. ಎಪ್ಪತ್ತೆಂಟಕ್ಕೆ ಇಡೀ ಗ್ರಿಡ್ ಮಲಗಿತು.

ಏನೋ ತಪ್ಪು ಒತ್ತಿರ್ಬೇಕು. ಮತ್ತೆ ಓಡಿಸಿದೆ.

ಎಪ್ಪತ್ತೆಂಟು.

ಫೆಬ್ರವರಿ 9, ಭಾನುವಾರ. ಮಧ್ಯಾಹ್ನ

ಎಲ್ಲವನ್ನೂ ಓಡಿಸಿದೆ. ಮೂರು ದಿನ ಲ್ಯಾಬಿನ ನಾಲ್ಕು ಕಂಪ್ಯೂಟರ್ ಹಿಡ್ಕೊಂಡು ಕೂತೆ. ಮುನ್ನೂರ ಹನ್ನೆರಡರಲ್ಲಿ ನಲವತ್ತೊಂದು ಬೀಳುತ್ತೆ. ಎಲ್ಲವೂ ಐವತ್ತನೇ ಸೆಕೆಂಡ್ ಆದ್ಮೇಲೆ.

ಕಾರಣ ಸಿಕ್ಕಿತು. ಬ್ಯಾಟರಿಗಳು. ಒಂದೊಂದೂ ಪಕ್ಕದ್ದನ್ನ ಸ್ವಲ್ಪ ತಡವಾಗಿ ನೋಡಿ ತನ್ನನ್ನ ಸರಿ ಮಾಡ್ಕೊಳ್ಳುತ್ತೆ. ಬಾಗಿಲಲ್ಲಿ ಎದುರಾದ ಇಬ್ಬರು, ನೀವು ಹೋಗಿ ನೀವು ಹೋಗಿ ಅಂತ ಒಂದೇ ಕಡೆ ಸರೀತಾರಲ್ಲ, ಹಾಗೆ. ಇಲ್ಲಿ ಸರಿದಷ್ಟೂ ಜಾಸ್ತಿ ಸರೀತಾವೆ.

ಆ ಇಪ್ಪತ್ತು ಎಲ್ಲಿಂದ ಬಂತು ಅಂತ ಹುಡುಕಿದೆ. ಮೊದಲ ವರ್ಷದ ಮೊದಲ ಫೈಲು. ಆಗಿನ ಲ್ಯಾಪ್‌ಟಾಪ್ ಅರ್ಧ ನಿಮಿಷಕ್ಕೇ ಇಸ್ತ್ರಿಪೆಟ್ಟಿಗೆ ಆಗ್ತಿತ್ತು. ಸದ್ಯಕ್ಕೆ ಇರಲಿ ಅಂತ 20 ಹಾಕಿದ್ದೆ. ಪಕ್ಕದಲ್ಲಿ ನನ್ನದೇ ಟಿಪ್ಪಣಿ — ಆಮೇಲೆ ಬದಲಾಯಿಸು. ಎರಡನೇ ಫೈಲಿಗೆ ನಕಲು ಮಾಡುವಾಗ ಟಿಪ್ಪಣಿ ಬಿಟ್ಟುಹೋಯ್ತು. ಇಪ್ಪತ್ತು ಉಳೀತು. ಐದು ವರ್ಷ, ಫೈಲಿಂದ ಫೈಲಿಗೆ.

ಬೈಯೋಣ ಅಂದ್ರೆ ಬೇರೆ ಯಾರೂ ಇಲ್ಲ.

ಫೆಬ್ರವರಿ 12, ಬುಧವಾರ

ಕಾಮಾ ಸರ್‌ಗೆ ಹೇಳಿದೆ. ನನ್ನ ಗೈಡ್. ಐದು ವರ್ಷದಲ್ಲಿ ನಾನು ಬರೆದ ಪುಟಪುಟದಲ್ಲೂ ಕಾಮಾ ತಿದ್ದಿದಾರೆ, ಹಾಗಾಗಿ ಲ್ಯಾಬಲ್ಲಿ ಆ ಹೆಸರು. ಒಳ್ಳೆಯವರು. ಜೂನ್‌ಗೆ ರಿಟೈರ್ ಆಗ್ತಾರೆ.

ಎರಡು ಗ್ರಾಫ್ ಪಕ್ಕಪಕ್ಕ ಇಟ್ಟೆ. ತುಂಬ ಹೊತ್ತು ನೋಡಿದ್ರು, ಕನ್ನಡಕ ಒರೆಸ್ಕೊಂಡ್ರು. ಎಲ್ಲ ಮತ್ತೆ ಮಾಡಿ, ಮದ್ದು ಹುಡುಕೋಕೆ ಎಷ್ಟು ದಿನ ಅಂದ್ರು. ನಾಲ್ಕು ತಿಂಗಳು ಅಂದೆ. ಇರೋದು ಹದಿನಾರು ದಿನ. ಇನ್ನೊಂದ್ಸಲ ಗಡುವು ಕೊಟ್ಟ ಉದಾಹರಣೆ ಅವರು ಕಂಡಿಲ್ಲವಂತೆ.

ಹಾಗಾಗಿ ಮೆಲ್ಲಗೆ ಒಂದು ದಾರಿ ಹೇಳಿದ್ರು. ಈ ಅಧ್ಯಯನ ಮೊದಲ ಇಪ್ಪತ್ತು ಸೆಕೆಂಡಿಗೆ ಸೀಮಿತ ಅಂತ ಒಂದು ಪ್ಯಾರಾ. ಉಳಿದದ್ದು ಮುಂದಿನ ಸಂಶೋಧನೆಗೆ. ಬರೆದಿದ್ರಲ್ಲಿ ಒಂದಕ್ಷರ ಸುಳ್ಳಿರಲ್ಲ, ಡಿಗ್ರಿನೂ ಉಳಿಯುತ್ತೆ ಅಂದ್ರು. ನನ್ನ ಒಳ್ಳೇದಕ್ಕೇ ಹೇಳಿದ್ರು.

ಬಸ್ಸಲ್ಲಿ ಬರ್ತಾ ಮನಸ್ಸಲ್ಲೇ ಪ್ಯಾರಾ ಬರೆದೆ. ಎಷ್ಟು ಸಲೀಸಾಗಿ ಬಂತು ಅಂದ್ರೆ ನನಗೇ ನಾಚಿಕೆ ಆಯ್ತು.

ಫೆಬ್ರವರಿ 13, ಗುರುವಾರ. ಸಂಜೆ 6

ಪ್ಯಾರಾ ಟೈಪ್ ಮಾಡಿ ಅತ್ತೆಗೆ ಓದಿ ಹೇಳಿದೆ. ಯಾಕೆ ಓದಿದೆನೋ. ಸರಿ ಅನ್ನಿಸ್ಕೊಳ್ಳೋಕೆ ಇರ್ಬೇಕು. ನೀವು ಹೇಳಿದ್ದೇ ನಿಜ ಆಯ್ತು ಅತ್ತೆ, ಅವತ್ತು ಸುಮ್ಸುಮ್ನೆ ರೇಗಿದೆ ಅಂತಲೂ ಹೇಳಿದೆ. ಅದಕ್ಕೆ ಬರೀ ಕೈ ಬೀಸಿದ್ರು. ಪ್ಯಾರಾ ಮುಗಿದ ಮೇಲೆ ಪಕ್ಕದ ಟವೆಲ್ ಎಳ್ಕೊಂಡ್ರು. ಟವೆಲ್ ಮಡಚಿದ್ರು, ಬಿಚ್ಚಿದ್ರು, ಮತ್ತೆ ಮಡಚಿದ್ರು.

ಆಮೇಲೆ ಒಂದು ಕಥೆ ಹೇಳಿದ್ರು. ಕೆಲಸಕ್ಕೆ ಸೇರಿ ನಾಲ್ಕು ವರ್ಷ ಆಗಿತ್ತಂತೆ. ಮಧ್ಯಾಹ್ನದ ಶಿಫ್ಟು ಮುಗಿಯೋ ಹೊತ್ತು. ಮನೇಲಿ ಇವರಿಗೆ, ಅಂದ್ರೆ ನನ್ನ ಗಂಡನಿಗೆ, ಆಗ ಎರಡು ವರ್ಷ, ಕೆಂಡದಂಥ ಜ್ವರ. ಒಂದು ಲೈನ್ ಬಿತ್ತು. ಮೀಟರೆಲ್ಲ ಕುಣಿದು ಸುಮ್ಮನಾದ್ವು. ಅತ್ತೆ ಜೀವವೆಲ್ಲ ಮನೇಲಿ. ನಲವತ್ತು ಸೆಕೆಂಡ್ ಆಗಿತ್ತಷ್ಟೆ, ಲಾಗ್ ಪುಸ್ತಕದಲ್ಲಿ "ಎಲ್ಲ ಸರಿಯಾಗಿದೆ" ಅಂತ ಬರೆದು, ಸಹಿ ಹಾಕಿ, ಚಪ್ಪಲಿ ಮೆಟ್ಕೊಂಡ್ರು. ತೊಂಬತ್ತನೇ ಸೆಕೆಂಡಿಗೆ ಅರ್ಧ ಊರು ಆರಿಹೋಯ್ತು.

ಮಾರನೇ ದಿನ ಮೇಲಧಿಕಾರಿ ಕರೆದು, ಆ ಪುಟ ಕಿತ್ತು ಬೇರೆ ಬರೆದುಕೊಡಮ್ಮ, ಮಗು ಇರೋಳು, ಯಾರಿಗೂ ಗೊತ್ತಾಗಲ್ಲ ಅಂದ್ರಂತೆ. ಅವರೂ ಒಳ್ಳೆಯವರೇ ಅಂದ್ರು ಅತ್ತೆ.

"ಕೀಳಲಿಲ್ಲ ಕಣೇ. ಒಂದೇ ಗೆರೆ ಹೊಡೆದೆ. ಕೆಳಗಿನ ಅಕ್ಷರ ಓದೋಕೆ ಬರೋ ಹಾಗೆ. ಪಕ್ಕದಲ್ಲಿ ಟೈಮು, ನನ್ನ ಸಹಿ."

ಎರಡು ವರ್ಷ ಪ್ರಮೋಶನ್ ಇಲ್ಲ. ಊಟದ ಹೊತ್ತಲ್ಲಿ ಪಕ್ಕದಲ್ಲಿ ಯಾರೂ ಕೂರ್ತಿರಲಿಲ್ಲ. ಇದನ್ನ ಮಗನಿಗೂ ಹೇಳಿಲ್ಲವಂತೆ. ಜ್ವರದ ಮಗು ತನ್ನಿಂದ ಹೀಗಾಯ್ತು ಅಂದ್ಕೊಳ್ಳುತ್ತೆ ಅಂತ.

ಎರಡು ನಿಮಿಷದ ಕಟ್ಟಳೆ ಯಾರು ಮಾಡಿದ್ದು ಅತ್ತೆ ಅಂತ ಕೇಳಿದೆ.

"ಆ ಪುಟ ಓದಿದವರು."

ಪ್ಯಾರಾ ಡಿಲೀಟ್ ಮಾಡ್ಲಾ ಅಂದೆ. ಅದು ನಿನ್ನ ಪುಸ್ತಕ, ನಂಗೆ ಕಣ್ಣು ಕಾಣಲ್ಲ, ನೀನೇ ನೋಡ್ಕೋ ಅಂದು ಎದ್ದರು. ಬಾಗಿಲ ಹತ್ತಿರ ಹೋದವರು ವಾಪಸ್ ಬಂದು, ನನ್ನ ತಲೆ ಎಲ್ಲಿದೆ ಅಂತ ಹುಡುಕಿ, ಒಂದ್ಸಲ ಸವರಿದ್ರು. ನಮ್ಮಮ್ಮ ಹೋದ ಮೇಲೆ ಯಾರೂ ಹಾಗೆ ತಲೆ ಸವರಿರಲಿಲ್ಲ. ಅತ್ತುಬಿಟ್ಟೆ.

ಈ ಡೈರಿಯ ಮೂರನೇ ತಾರೀಖಿಗೆ ಹೋದೆ. "ಮುನ್ನೂರ ಹನ್ನೆರಡೂ ಸ್ಟೇಬಲ್" — ಅದರ ಮೇಲೆ ಒಂದೇ ಗೆರೆ ಎಳೆದೆ. ಪಕ್ಕದಲ್ಲಿ ಟೈಮು, ಸಹಿ. ಓದೋಕೆ ಬರುತ್ತೆ.

ಫೆಬ್ರವರಿ 17, ಸೋಮವಾರ

ಅರ್ಜಿ ಕೊಟ್ಟೆ. ಒಂದೂವರೆ ಪುಟ. ತಪ್ಪು ಏನು, ಎಲ್ಲಿಂದ ಬಂತು, ನಲವತ್ತೊಂದು ಯಾವ್ಯಾವು. ಜರ್ನಲ್ಲಲ್ಲಿ ಅಚ್ಚಾಗಿರೋ ನನ್ನ ಪೇಪರಿಗೂ ತಿದ್ದುಪಡಿ ಕಳಿಸ್ತೀನಿ. ನಾಲ್ಕು ತಿಂಗಳು ಬೇಕು.

ಕಾಮಾ ಸರ್ ಎರಡು ಸಲ ಓದಿದ್ರು. ಒಂದು ಕಾಮಾ ತೆಗೆದ್ರು. "ಇಪ್ಪತ್ತು ಯಾಕೆ ಅಂತ ನಾನು ಕೇಳ್ಬೇಕಿತ್ತು" ಅಂದು, ನನ್ನ ಸಹಿ ಕೆಳಗೆ ತಮ್ಮದೂ ಹಾಕಿದ್ರು. ಕಮಿಟಿ 27ಕ್ಕೆ ಸೇರುತ್ತೆ. ಕೊಡಲಿಲ್ಲ ಅಂದ್ರೆ 28ಕ್ಕೆ ಎಲ್ಲ ಮುಗೀತು.

ಬರುವಾಗ ಕಣ್ಣಿನ ಆಸ್ಪತ್ರೆಗೆ ಹೋಗಿ 24ನೇ ತಾರೀಖು ಹಿಡಿದು ಬಂದೆ. ಅತ್ತೆ ಗಲಾಟೆಯೋ ಗಲಾಟೆ. ಇಂಥ ಹೊತ್ತಲ್ಲಿ ನನ್ನ ಕಣ್ಣು ಎಲ್ಲಿಗೆ ಬಂತು ಅಂತ. ಹಡಗಿನ ಕೆಲಸದಲ್ಲಿರೋ ಇವರಿಗೆ ಫೋನ್ ಹಚ್ಚಿ ದೂರು ಬೇರೆ. ಇವರು ಅಲ್ಲಿಂದಲೇ, ಅಮ್ಮ, ಅವಳು ತಾರೀಖು ಹಿಡಿದ್ಲು ಅಂದ್ರೆ ಮುಗೀತು, ನಂದೇ ನಡೆಯಲ್ಲ ಅಂದ್ರು. ಸರಿಯಾಗೇ ಹೇಳಿದ್ರು.

ಫೆಬ್ರವರಿ 24, ಸೋಮವಾರ. ಮಧ್ಯಾಹ್ನ 12.40

ಆಸ್ಪತ್ರೆ ಬೆಂಚು. ಎಡಗಣ್ಣು. ಒಳಗೆ ಹೋಗಿ ಇಪ್ಪತ್ತು ನಿಮಿಷ ಆಯ್ತು. ಹೋಗುವಾಗ ನನ್ನ ಕೈ ಬಿಡ್ತಿರಲಿಲ್ಲ. ನರ್ಸ್ ಬೆರಳು ಬಿಡಿಸಬೇಕಾಯ್ತು. ಇಪ್ಪತ್ತೇಳು ವರ್ಷ ಕರೆಂಟ್ ಕಾದವರಿಗೆ ಇಷ್ಟು ಹೆದರಿಕೆ ಇರುತ್ತೆ ಅಂತ ಗೊತ್ತಿರಲಿಲ್ಲ. ಈ ಹೆದರಿಕೆ ಇಟ್ಕೊಂಡೇ ಎರಡು ಸಲ "ಪರವಾಗಿಲ್ಲ ಬಿಡು" ಅಂದಿದ್ರು. ನಾನು ಅದನ್ನ ನಂಬಿದ್ದೆ. ನಂಬೋದು ನನಗೂ ಅನುಕೂಲ ಆಗಿತ್ತು.

ಕರೀತಿದಾರೆ —

ಫೆಬ್ರವರಿ 25, ಮಂಗಳವಾರ

ಪಟ್ಟಿ ಬಿಚ್ಚಿದ್ರು. ಮೊದಲು ಡಾಕ್ಟರನ್ನ ನೋಡಿದ್ರು, ಆಮೇಲೆ ಕಿಟಕಿ, ಆಮೇಲೆ ನನ್ನನ್ನ. ತುಂಬ ಹೊತ್ತು.

"ನಿಂಗೆ ಇಷ್ಟೊಂದು ನರೆ ಯಾವಾಗ ಬಂತೇ?"

ನರ್ಸ್ ನಕ್ಕುಬಿಟ್ರು. ನಾನೂ ನಗೋಕೆ ಹೋದೆ, ಆಗ್ಲಿಲ್ಲ. ಎರಡು ವರ್ಷದಿಂದ ನನ್ನ ಮುಖ ಅವರಿಗೆ ಸರಿಯಾಗಿ ಕಂಡೇ ಇಲ್ಲ.

ಮನೇಲಿ ಎಲ್ಲದರ ಮೇಲೂ ಒಂದೊಂದು ಟೀಕೆ. ಈ ಗೋಡೆ ಹಸಿರಾ, ನಾನು ಬೂದಿ ಅಂದ್ಕೊಂಡಿದ್ದೆ. ಅಡಿಗೆಮನೆ ಮೂಲೆಯ ಜಿಡ್ಡು ನೋಡಿ, ಪೊರೆ ಇದ್ದಾಗಲೇ ವಾಸಿ ಇತ್ತು ಅಂದ್ರು. ಆಮೇಲೆ ಆ ಗ್ರಾಫ್ ಕೇಳಿದ್ರು, ನೂರಿಪ್ಪತ್ತು ಸೆಕೆಂಡಿನದ್ದು. ಬೆರಳು ಇಡದೇ ನೋಡಿದ್ರು. ಐವತ್ತೈದರ ಹತ್ತಿರ ಆ ಸಣ್ಣ ಅಲೆ ತೋರಿಸಿ, ಇದನ್ನ ನಾನು ಬಲ್ಲೆ ಅಂದ್ರು.

ಫೆಬ್ರವರಿ 28, ಶುಕ್ರವಾರ. ಬೆಳಿಗ್ಗೆ 10.25

ನಿನ್ನೆ ಕಮಿಟಿ ಸೇರಿತ್ತು. ಸುದ್ದಿ ಇಲ್ಲ. ಕಾಮಾ ಸರ್ ಫೋನ್ ಎತ್ತಲಿಲ್ಲ. ನಿದ್ದೆ ಇಲ್ಲ. ಬೆಳಿಗ್ಗೆ ಡ್ರಾಪ್ಸ್ ಹಾಕಿದೆ, ಒಂದು ಹನಿಯೂ ಕೆನ್ನೆಗೆ ಬೀಳಲಿಲ್ಲ. ಅತ್ತೆ, ಇವತ್ತು ನಿನ್ನ ಕೈ ಸರಿ ಇಲ್ಲ ಅಂದ್ರು.

ಅಡಿಗೆಮನೆ ಮೇಜಲ್ಲಿ ಕೂತಿದೀವಿ. ಅವರು ಒಂದು ಕಣ್ಣಲ್ಲಿ ನನ್ನ ಮೊದಲ ಅಧ್ಯಾಯ ಓದ್ತಿದಾರೆ. ನಾಲ್ಕನೇ ಪುಟ. ಸುಳ್ಳು ಹೇಳಲ್ಲ, ನಂಗೆ ಈ ಡಿಗ್ರಿ ಬೇಕು. ತುಂಬ ಬೇಕು. ಆ ಪ್ಯಾರಾ ಬರೆದಿದ್ರೆ ಈ ಹೊತ್ತಿಗೆ ಒಪ್ಪಿಸಿ ಬಂದಿರ್ತಿದ್ದೆ. ಆದ್ರೂ ಅತ್ತೆ ಎದುರು ಹೀಗೆ ಕೂರೋಕೆ

ಮೇಲ್ ಬಂತು. ಆಫೀಸಿಂದ.

"ಬಂತಾ?" ಅಂದ್ರು. ಬಂತು ಅಂದೆ. ಕನ್ನಡಕ ತೆಗೆದಿಟ್ರು.

ತೆರೆದೆ. ನಾಲ್ಕು ತಿಂಗಳು. ಮಂಜೂರು. ಅತ್ತೆಗೆ ಕೂಗಿ ಹೇಳಿದೆ, ಎದುರಿಗೇ ಇದ್ರೂ. ಬರೀತಿದೀನಿ, ಅಕ್ಷರ ಎಲ್ಲೆಲ್ಲೋ ಹೋಗ್ತಿದೆ. ಕೆಳಗೆ ಇನ್ನೂ ಎರಡು ಪ್ಯಾರಾ ಇದೆ, ಓದಿಲ್ಲ, ಇರಲಿ, ಕೊಟ್ಟರು, ಎಲ್ಲ ಸರಿ ಹೋ

ಅತ್ತೆ ಕೈ ಕಟ್ಕೊಂಡು ಕೂತಿದಾರೆ. ಕಣ್ಣು ತುಂಬಿದೆ, ಒರೆಸ್ಕೊಳ್ಳೋ ಹಾಗಿಲ್ಲ, ಡಾಕ್ಟರ್ ಬೇಡ ಅಂದಿದಾರೆ. ಗೋಡೆ ಗಡಿಯಾರ ನೋಡಿ, ನನ್ನ ಪೆನ್ ನೋಡಿದ್ರು.

"ಇನ್ನೂ ನಲವತ್ತು ಸೆಕೆಂಡ್ ಆಗಿದೆ ಅಷ್ಟೆ. ಪೆನ್ ಕೆಳಗಿಡೇ."

ಇಡ್ತೀನಿ ಅ