ಕಟ್ಟಿಗೆಗೆ ಹೋಗುವವರ ಕಾವಲು

ಗುರುವಾರ, ೧೨ ಫೆಬ್ರವರಿ. ಕುರುಗೋಡು.

ಯುದ್ಧ ನಡೆದಿರುವ ದಕ್ಷಿಣ ಸುಡಾನಿನಿಂದ ವಿಶ್ವಸಂಸ್ಥೆಯ ಶಾಂತಿಪಡೆಗೆಂದು ಹೋಗಿರುವ, ಮಿಲಿಟರಿಯಲ್ಲಿರುವ ಮೊಮ್ಮಗಳು ಪಂಪಾವತಿ ಫೋನು ಮಾಡಿದ್ದಳು. ಬೆಳಿಗ್ಗೆ ಪಹರೆ, ಆಮೇಲೆ ನೀರಿನ ಲಾರಿ ಓಡಿಸುವುದು, ಮಧ್ಯಾಹ್ನ ನೂರು ಜನಕ್ಕೆ ಚಪಾತಿ. ಇಲ್ಲಿ ಒಂದು ಲೋಟ ತೊಳೆಯದವಳು! ಸಂಜೆ, ಯುದ್ಧಕ್ಕೆ ಊರು ಬಿಟ್ಟು ಬಂದು ಡೇರೆಗಳಲ್ಲಿರುವ ಹೆಂಗಸರು ಕಾಡಿಗೆ ಕಟ್ಟಿಗೆ ತರಲು ಹೋದರೆ ಇವಳೇ ಕಾವಲು.

"ಇನ್ನೂ ಆರು ತಿಂಗಳು ಇರ್ತೀಯೇನು ಅಂತ ನಮ್ಮ ಸಾಹೇಬ್ರು ಕೇಳ್ಯಾರ ಅಜ್ಜಿ. ನಾ ಬಂದ್ರ ಈ ಹೆಣ್ಮಕ್ಕಳ ಜೊತಿ ಹೋಗಾಕ ಯಾರೂ ಇಲ್ಲ."

ಅವಳ ತಾಯಿ, ನನ್ನ ಸೊಸೆ ಸುಧಾರಾಣಿ ಅಳುತ್ತ, "ಬಾ ಅನ್ರಿ ಅತ್ತಿ" ಎಂದು ನನ್ನ ಸೆರಗು ಜಗ್ಗಿದಳು.

ನನ್ನ ಹರೆಯದಲ್ಲಿ ನಾವು ಗುಡ್ಡಕ್ಕೆ ಕಟ್ಟಿಗೆಗೆ ಹೋದಾಗ ಒಬ್ಬಳು ಕುಡುಗೋಲು ಹಿಡಿದು ಕಾಯುತ್ತಿದ್ದಳು. ಅವಳ ಹೊರೆಯನ್ನು ಉಳಿದವರು ಕಟ್ಟಿಕೊಡುತ್ತಿದ್ದೆವು.

"ಅಲ್ಲೇ ಇರು. ಅವರನ್ನ ಬಿಟ್ಟು ಬಂದ್ರ ಹೊಸ್ತಿಲು ದಾಟಿಸಂಗಿಲ್ಲ" ಎಂದೆ.

ಸೊಸೆ ಉಣ್ಣದೆ ಮಲಗಿದ್ದಾಳೆ. ಮಲಗಲಿ. ನಾನೂ ತಟ್ಟೆ ಹಾಗೇ ಮುಚ್ಚಿಟ್ಟಿದ್ದೇನೆ, ಆದರೆ ಆಡಿದ ಮಾತು ಹಿಂದಕ್ಕೆ ತೆಗೆದುಕೊಳ್ಳುವವಳಲ್ಲ ನಾನು. ಕಟ್ಟಿಗೆಗೆ ಹೋದವರ ದಾರಿ ನೋಡುತ್ತ ಅಲ್ಲೂ ನನ್ನಂಥ ಮುದುಕಿಯರು ಕೂತಿರುತ್ತಾರೆ. ಇವಳು ಬಂದುಬಿಟ್ಟರೆ ಅವರ ಹೆಣ್ಣುಮಕ್ಕಳನ್ನು ಡೇರೆ ಮುಟ್ಟಿಸುವವರು ಯಾರು?