ಇಪ್ಪತ್ನಾಲ್ಕನೇ ಗೂಡು

ತೊಂಗ್ಯೊಂಗ್
ಜೂನ್ 9, ಸೋಮವಾರ ಮಧ್ಯಾಹ್ನ

ಮಗಳೇ ಯೊನ್‌ಸುಕ್,

ನೀನು ಚೆನ್ನಾಗಿದ್ದೀಯೆಂದು ನಂಬಿದ್ದೇನೆ. ಆಸ್ಪತ್ರೆಯ ಕೆಲಸದ ನಡುವೆ ನಿಂತುಕೊಂಡು ಓದಬೇಡ, ಕೂತು ಓದು. ಫೋನಿನಲ್ಲಿ ಹೇಳಿದರೆ ನೀನು ನಗುತ್ತೀಯ, ನಾನು ಸಿಟ್ಟಾಗಿ ಇಟ್ಟುಬಿಡುತ್ತೇನೆ. ಅದಕ್ಕೇ ಈ ಕಾಗದ. ನಿನ್ನ ಮಗಳು ದಾಮಿ ಬಣ್ಣ ಹಚ್ಚಿ ಹೇಳುವ ಮೊದಲು ನಡೆದದ್ದು ನನ್ನಿಂದಲೇ ನಿನಗೆ ತಿಳಿಯಲಿ.

ಅವಳ ಶಾಲೆಯಲ್ಲಿ ಬೆಳಿಗ್ಗೆ ಎಲ್ಲರ ಫೋನೂ ಪೆಟ್ಟಿಗೆಗೆ ಹೋಗುತ್ತದೆ, ಸಂಜೆ ನಾಲ್ಕಕ್ಕೆ ವಾಪಸ್. ಊಟದ ಹೊತ್ತಿಗಾದರೂ ಕೊಡಿ ಎಂದು ಮಕ್ಕಳು ಕೇಳಿದ್ದಕ್ಕೆ ಸಭೆ ಕರೆದಿದ್ದರು. ನಾನು ಎದ್ದು ನಿಂತು ಬೇಡವೇ ಬೇಡ ಎಂದೆ. ಕೆಟ್ಟು ಹೋದ ಹಳೇ ಫೋನನ್ನು ಪೆಟ್ಟಿಗೆಗೆ ಹಾಕಿ ನಿಜವಾದದ್ದನ್ನು ಕಾಲುಚೀಲದಲ್ಲಿ ಬಚ್ಚಿಡುವ ಮಕ್ಕಳಿಗೆ ಊಟದ ಹೊತ್ತು ಬೇರೆ ಕೇಡು ಎಂದೂ ಗುಡುಗಿದೆ. ಆಗ ವಿದ್ಯಾರ್ಥಿಗಳ ಪರವಾಗಿ ಎದ್ದವಳು ಯಾರು? ನಿನ್ನ ಮಗಳು.

"ಅಜ್ಜೀ, ಫೋನ್ ಇಲ್ದೆ ನೀವು ಒಂದಿನ ಅಂಗಡಿ ನಡೆಸ್ತೀರಾ?"

"ಒಂದಿನ ಏನೇ, ಒಂದು ತಿಂಗಳು ನಡೆಸ್ತೀನಿ!"

ಸಭೆಯೆಲ್ಲ ಚಪ್ಪಾಳೆ. ಹೆಡ್‌ಮಾಸ್ಟರ್ ಗು ಅಲ್ಲೇ ಪಂದ್ಯ ಕಟ್ಟಿದರು: ಒಂದು ತಿಂಗಳು ನನ್ನ ಫೋನೂ ಮಕ್ಕಳ ಪೆಟ್ಟಿಗೆಗೆ; ನಾನು ಗೆದ್ದರೆ ಹಳೇ ನಿಯಮ, ಸೋತರೆ ಊಟದ ಹೊತ್ತಿಗೆ ಮಕ್ಕಳಿಗೆ ಫೋನ್.

ಮರುದಿನದಿಂದ ಬೆಳಿಗ್ಗೆ ಫೋನ್ ಒಪ್ಪಿಸಲು ದಾಮಿಯ ತರಗತಿಯ ಸಾಲಿನಲ್ಲಿ ನಿಂತೆ. "ಅಜ್ಜಿ, ನುಗ್ಗಬೇಡಿ, ಕ್ಯೂ ಇದೆ!" ಎಂದ ಒಬ್ಬ ತರಲೆ. ಪೆಟ್ಟಿಗೆಯಲ್ಲಿ ನನಗೆ ಸಿಕ್ಕಿದ್ದು ಇಪ್ಪತ್ನಾಲ್ಕನೇ ಗೂಡು.

ಮೂರು ದಿನ ಪ್ರಾಮಾಣಿಕವಾಗಿಯೇ ಇದ್ದೆ. ಮೂರನೇ ದಿನ ಗಾಳದವರನ್ನು ಕರೆದೊಯ್ಯುವ ದೋಣಿಯ ಯಜಮಾನ ಅಂಗಡಿಗೆ ನುಗ್ಗಿ ಬಂದ. ನಲವತ್ತು ಜನರಿಗೆ ಅನ್ನದ ಸುರುಳಿ, ನಮ್ಮ ಕಿಂಬಾಪ್, ಹೇಳಲು ಬೆಳಿಗ್ಗೆಯಿಂದ ಫೋನ್ ಮಾಡಿದ್ದನಂತೆ. "ಬದುಕಿದ್ದೀಯಾ ಅಜ್ಜಿ? ನಾನು ನಿನ್ನ ಮಣ್ಣಿಗೆ ಬಿಳೀ ಹೂವು ತಗೊಂಡು ಬರೋಣ ಅಂತಿದ್ದೆ!" ಎಂದು ಬೈದು ಎದುರಿನ ಅಂಗಡಿಗೆ ಹೋದ. ಎದುರಿನ ಅಂಗಡಿಯವರು ಕಿಂಬಾಪ್ ಜೊತೆ ಕೊಡುವ ಸ್ಕ್ವಿಡ್ ಮೀನು ರಬ್ಬರಿನಂತಿರುತ್ತದೆ, ನಿನಗೂ ಗೊತ್ತು. ಆ ಅವಮಾನ ತಡೆಯಲಾಗಲಿಲ್ಲ.

ನಾಲ್ಕನೇ ದಿನ ನನ್ನ ಸತ್ತ ಹಳೇ ಫೋನು ಗೂಡಿಗೆ ಹೋಯಿತು. ಜೀವಂತ ಫೋನು ಏಪ್ರನ್ನಿನ ಜೇಬಿಗೆ ಬಂತು.

ಹೌದು, ನಾನೇ. ನಗು ಮುಗಿಸಿ ಮುಂದೆ ಓದು.

ಹನ್ನೆರಡನೇ ದಿನ ಫೋನು ಬಡಿದುಕೊಂಡಿತು. ಕೈತುಂಬ ಅನ್ನ, ನಂಬರು ನೋಡದೆ ಎತ್ತಿದೆ. "ಕಿಂಬಾಪ್ ಅಂಗಡಿ, ಬೇಗ ಹೇಳಿ!" ಕ್ರೀಡಾಕೂಟಕ್ಕೆ ಊಟ ಹೇಳಲು ಅಭ್ಯಾಸಬಲದಿಂದ ನನ್ನ ನಂಬರು ಒತ್ತಿದ್ದರು ಹೆಡ್‌ಮಾಸ್ಟರ್ ಗು. ಪಂದ್ಯ ನೆನಪಾಗಿ ಕತ್ತರಿಸುವಷ್ಟರಲ್ಲಿ ನನ್ನ ದನಿ.

"ಅಜ್ಜೀ, ನೀವು ನನ್ನ ಪೆಟ್ಟಿಗೆಯೊಳಗೆ ಇರಬೇಕಿತ್ತಲ್ಲ?"

ಅವರು ನಗುತ್ತಲೇ, "ನೀವೇ ಹೀಗಾದ್ರೆ ಇನ್ನು ಯಾರ್ಯಾರದ್ದು ಹೀಗಿದ್ಯೋ! ಈಗ್ಲೇ ಪೆಟ್ಟಿಗೆ ತರಿಸ್ತೀನಿ, ಒಂದೊಂದೇ ಆನ್ ಮಾಡಿ ನೋಡೋಣ" ಎಂದರು.

ಏಪ್ರನ್ ಬಿಚ್ಚುವುದನ್ನೂ ಮರೆತು ಶಾಲೆಯ ದಿಬ್ಬ ಹತ್ತಿದೆ. ಈ ಮೊಣಕಾಲಿನಲ್ಲಿ, ಏಳು ನಿಮಿಷದಲ್ಲಿ! ಪೆಟ್ಟಿಗೆ ತರಗತಿಯ ಮೇಜಿನ ಮೇಲೆ ಬಂದಿತ್ತು. ಅದರ ಮುಚ್ಚಳದ ಮೇಲೆ ಕೈಯೂರಿ, ಮಕ್ಕಳೆಲ್ಲರ ಎದುರು ಹೇಳಿದೆ: "ಮೋಸ ಮಾಡಿದವಳು ನಾನು. ಕಳ್ಳಿ ಸಿಕ್ಕಾಯ್ತಲ್ಲ ಸರ್, ಇನ್ನು ಹುಡುಕೋದೇನಿದೆ? ಪಂದ್ಯ ಸೋತೆ. ಇವರ ಊಟದ ಹೊತ್ತು ಇವರಿಗೆ ಕೊಡಿ."

ತಪ್ಪು ಮಾಡಿದರೆ ಒಪ್ಪಿಕೊಳ್ಳುವುದು ನಮ್ಮ ಮನೆತನದ ರೀತಿ. ಅದಕ್ಕಾಗಿ ಹೋದೆ, ಬೇರೇನೂ ಇಲ್ಲ.

ಮಕ್ಕಳು ಬೆಂಚು ಬಡಿದು ಕುಣಿದರು. ಅಂದಿನ ತರಲೆಯೇ ನನ್ನ ಎದುರು ಬಂದು ಸೊಂಟ ಬಗ್ಗಿಸಿ ನಮಸ್ಕರಿಸಿದ. ದಾಮಿ ಮಾತ್ರ ಬಿಳಿಚಿಕೊಂಡು ನಿಂತಿದ್ದಳು, ಆಮೇಲೆ ಓಡಿಬಂದು ಎಲ್ಲರೆದುರೇ ನನ್ನ ಕುತ್ತಿಗೆಗೆ ಜೋತುಬಿದ್ದಳು. ಹದಿನಾಲ್ಕು ವರ್ಷದ ಹುಡುಗಿ! ಹೆಡ್‌ಮಾಸ್ಟರ್ ನಕ್ಕು ಪೆಟ್ಟಿಗೆ ವಾಪಸ್ ಕಳಿಸಿದರು. ಕ್ರೀಡಾಕೂಟದ ಮೂವತ್ತು ಊಟವನ್ನೂ ನನಗೇ ಹೇಳಿದರು.

ಇವತ್ತು ಹೊಸ ನಿಯಮದ ಮೊದಲ ದಿನ. ಹನ್ನೆರಡೂ ನಲವತ್ತಕ್ಕೆ ದಾಮಿಯ ಫೋನು. "ಅಜ್ಜೀ, ಉಂಡ್ರಾ?" ಅಷ್ಟೇ. ಅವಳ ಹಿಂದೆ ಇಡೀ ತರಗತಿ ಕೂಗುತ್ತಿತ್ತು. ಗಿರಾಕಿಗಳ ಮುಂದೆ, ಫೋನಿನ ದುಡ್ಡು ಹಾಳು ಮಾಡಬೇಡ, ಇಡು ಎಂದು ಗದರಿದೆ. ಅವಳೇ ಇಡುವ ತನಕ ನಾನು ಇಡಲಿಲ್ಲ.

ಸರಿಯಾಗಿ ಊಟ ಮಾಡು. ರಜೆ ಸಿಕ್ಕರೆ ಬಾ.

ನಿನ್ನ ಅಮ್ಮ,
ತಾಕ್ ಮಾಲ್ಸುನ್

ಮರೆತಿದ್ದೆ: ಹಳೇ ಫೋನ್ ಹುಡುಕಲು ಡ್ರಾಯರ್ ತೆಗೆದಾಗ ಅಲ್ಲಿ ಎರಡಿರಬೇಕಿತ್ತು, ನನ್ನದೊಂದೇ ಇತ್ತು. ಮೂಲೆ ಒಡೆದ ನಿನ್ನ ಗುಲಾಬಿ ಬಣ್ಣದ್ದು ಮರುದಿನ ಬೆಳಿಗ್ಗೆ ಕಣ್ಣಿಗೆ ಬಿತ್ತು, ಪಕ್ಕದ ಇಪ್ಪತ್ಮೂರನೇ ಗೂಡಿನಲ್ಲಿ, ದಾಮಿಯ ಗೂಡಿನಲ್ಲಿ. ಮೂರು ದಿನ ಪಕ್ಕದಲ್ಲೇ ಇದ್ದರೂ ನೋಡಿರಲಿಲ್ಲ. ಮಕ್ಕಳ ಪರವಾಗಿ ತಲೆಯೆತ್ತಿ ಮಾತಾಡಿದವಳು ಅವರೆದುರೇ ತಲೆ ತಗ್ಗಿಸುವುದನ್ನು ನಾನು ಹೇಗೆ ನೋಡಲಿ? ನನಗೆ ಗೊತ್ತೆಂದು ಅವಳಿಗೆ ಹೇಳಬೇಡ. ನಾನು ಒಪ್ಪಿಕೊಂಡ ದಿನದಿಂದ ಹೇಳದೆಯೇ ಪಾತ್ರೆ ತೊಳೆಯುತ್ತಿದ್ದಾಳೆ. ಇನ್ನಷ್ಟು ದಿನ ತೊಳೆಯಲಿ.