ಹೇಳಿ ಸ್ವಾಮಿ, ಹೊಟ್ಟೆ ಏನಂತಿದೆ?

ಜೂನ್ 3, ಮಂಗಳವಾರ. ಊಟದ ಡಬ್ಬಿ ಹೋದ ಮೇಲೆ

ಅನ್ನ ಒಂದು ಕಡೆ ಮುದ್ದೆ, ಇನ್ನೊಂದು ಕಡೆ ಗಟ್ಟಿ. ದೊಡ್ಡ ಪಾತ್ರೆ ಈ ಸಣ್ಣ ಒಲೆಯ ಮೇಲೆ ಸರಿಯಾಗಿ ಕೂರುವುದೇ ಇಲ್ಲ. ತಿರುಗಿಸಿ ತಿರುಗಿಸಿ ಬೇಯಿಸಿದೆ. ಬೇಳೆ ಚೆನ್ನಾಗಿದೆ. ಬೀನ್ಸ್ ಪರವಾಗಿಲ್ಲ. ಆಚೆ ಬಡಾವಣೆಯ ಮೇಷ್ಟ್ರಿಗೆ ಬೀನ್ಸ್ ಆಗುವುದಿಲ್ಲ, ಅವರ ಡಬ್ಬಿಗೆ ಆಲೂಗಡ್ಡೆ.

ಡಬ್ಬಿ ಹಂಚುವ ಸ್ಕೂಟರ್ ಅಣ್ಣ ಚೀಲ ತುಂಬಿಕೊಳ್ಳುತ್ತಾ ಅಂದ, "ಬೀದಿ ತುದಿ ಪ್ರಿಂಟಿಂಗ್ ಪ್ರೆಸ್ಸಿನೋರು ಕೇಳ್ತಿದಾರೆ. ಕೆಲಸದೋರಿಗೆಲ್ಲ ಮಧ್ಯಾಹ್ನದ ಊಟ ಬೇಕಂತೆ, ಮುಂದಿನ ತಿಂಗಳಿಂದ. ಆಗಲ್ಲ ಅಂದ್ರೆ ಹೋಟೆಲಿಗೆ ಹೇಳ್ತಾರಂತೆ."

ತಲೆಯಾಡಿಸಿದೆ.

"ನೀನು ತಲೆ ಹಾಗೂ ಆಡಿಸ್ತೀಯ, ಹೀಗೂ ಆಡಿಸ್ತೀಯ. ಹೂಂ ಅಂತಾನಾ, ಊಹೂಂ ಅಂತಾನಾ?"

ಹೂಂ ಎಂದೆ. ಅವನು ಹೋದ ಮೇಲೆ ಹೆದರಿಕೆಯಾಯಿತು. ಅಷ್ಟು ಜನರ ಅನ್ನ ಈ ಒಲೆಯ ಮೇಲೆ ಆಗದ ಮಾತು. ದೊಡ್ಡ ಒಲೆ ಬೇಕು. ಹಳೆಯದಾದರೂ ಒಂದು ಫ್ರಿಜ್ ಬೇಕು. ಬಿಸಿ ಆರದ ಡಬ್ಬಿಗಳು ಬೇಕು. ಅಂದರೆ ಸಾಲ. ಅಂದರೆ ಬ್ಯಾಂಕು. ಬ್ಯಾಂಕಿನಲ್ಲಿ ಮಾತಾಡಬೇಕು...

ಜೂನ್ 4, ಬುಧವಾರ

ಬೆಳಿಗ್ಗೆ ಹೊಸ ಗಿರಾಕಿಯ ಫೋನ್. "ಹೇಳಿ ಸ್ವಾಮಿ, ಹೊಟ್ಟೆ ಏನಂತಿದೆ?" ಎಂದೆ. ಆ ಕಡೆಯವರು ನಕ್ಕರು. ಎಲ್ಲರೂ ನಗುತ್ತಾರೆ.

ಅದು ಅಕ್ಕನ ಮಾತು. ದನಿಯೂ ಅಕ್ಕನದೇ.

ಡಬ್ಬಿ ಕೆಲಸ ಶುರು ಮಾಡಿದವಳು ಅಕ್ಕ. ಅವಳದು ಬಾಯಿ, ನನ್ನದು ಕೈ ಎಂದು ತಮಾಷೆ ಮಾಡುತ್ತಿದ್ದಳು. ಫೋನು, ಲೆಕ್ಕ, ಜಗಳ, ನಗು ಎಲ್ಲ ಅವಳದು. ನಾನು ಹೆಚ್ಚುತ್ತಿದ್ದೆ, ಕಲಕುತ್ತಿದ್ದೆ. ಬೇಸಿಗೆಗೆ ಮುಂಚೆ ಜ್ವರ ಎಂದು ಆಸ್ಪತ್ರೆಗೆ ಹೋದಳು. ನಡೆದುಕೊಂಡೇ ಹೋದಳು. ಬರಲಿಲ್ಲ.

ಎಲ್ಲ ಮುಗಿಸಿ ಮನೆಗೆ ಬಂದಾಗ ಅವಳ ಫೋನ್ ಹೊಡೆದುಕೊಳ್ಳುತ್ತಿತ್ತು. ಎತ್ತಿದೆ. ಅಕ್ಕ ಇಲ್ಲ ಎನ್ನಬೇಕಿತ್ತು. ಬಾಯಿ ತೆರೆದರೆ "ಹೇಳಿ ಸ್ವಾಮಿ" ಬಂತು. ನಾನು ಅನುಕರಣೆ ಮಾಡಲಿಲ್ಲ. ತಾನಾಗಿ ಬಂತು.

ಗಿರಾಕಿಗಳು ಅವಳ ಮುಖ ನೋಡಿದವರಲ್ಲ, ದನಿ ಕೇಳಿದವರು. ಅವರ ಪಾಲಿಗೆ ಅಕ್ಕ ಈಗಲೂ ಇದ್ದಾಳೆ. ಸ್ಕೂಟರ್ ಅಣ್ಣನಿಗೆ ಮಾತ್ರ ಗೊತ್ತು. "ನಾನು ಬಾಯಿ ಬಿಡಲ್ಲಮ್ಮ," ಅಂದಿದ್ದ. "ಆದ್ರೆ ಯಾವಾಗಾದ್ರೂ ನೀನು ಬಿಡ್ಬೇಕಲ್ಲ."

ಅಮ್ಮ ಏನೂ ಅಂದಿಲ್ಲ. ಮಂಡಿ ನೋವು, ಒಳಕೋಣೆಯ ಮಂಚ ಬಿಟ್ಟು ಇಳಿಯುವುದು ಕಡಿಮೆ. ಅಲ್ಲೇ ಬೇಳೆ ಆರಿಸುತ್ತಾಳೆ, ಬೆಳ್ಳುಳ್ಳಿ ಸುಲಿಯುತ್ತಾಳೆ. ದಿನವೆಲ್ಲ ರೇಡಿಯೊ ಹಾಡುತ್ತಿರುತ್ತದೆ. ಫೋನ್ ಬಂದರೆ ಮಾತ್ರ ನಿಲ್ಲಿಸುತ್ತಾಳೆ. ನನಗೆ ಸರಿಯಾಗಿ ಕೇಳಲಿ ಎಂದು.

ಜೂನ್ 5, ಗುರುವಾರ. ಸಂಜೆ

ಬ್ಯಾಂಕಿಗೆ ಹೋಗಿ ಬಂದೆ. ಹೋಗದಿದ್ದರೆ ಚೆನ್ನಾಗಿತ್ತು.

ಸಾಲದ ಮೇಜಿನಲ್ಲಿ ಒಬ್ಬ ಮೇಡಂ. ಕನ್ನಡಕ ಹಣೆಗೇರಿಸಿ, "ಕೂತ್ಕೊಳ್ಳಿ. ಏನು ಬಿಸಿನೆಸ್ ನಿಮ್ದು?" ಎಂದರು.

"ಅಡುಗೆ."

"ಸರಿ. ಆಮೇಲೆ?"

"ಡಬ್ಬಿ."

"ಡಬ್ಬಿ ಮಾಡ್ತೀರಾ, ಡಬ್ಬಿಗೆ ಹಾಕಿ ಕೊಡ್ತೀರಾ?"

ಹಿಂದಿನ ಸಾಲಿನಲ್ಲಿ ಕೂತವರು ನಕ್ಕರು. ಮನೆಯಲ್ಲಿ ಎಲ್ಲ ಜೋಡಿಸಿಕೊಂಡು ಹೋಗಿದ್ದೆ. ಪ್ರೆಸ್ಸಿನ ವಿಷಯ, ಒಲೆಯ ವಿಷಯ. ಒಂದೂ ಹೊರಗೆ ಬರಲಿಲ್ಲ. ಮೇಡಂ ಸ್ವಲ್ಪ ಹೊತ್ತು ಕಾದು, "ಯಾರು ನೋಡ್ಕೊಳ್ತಾರೆ ಇದನ್ನೆಲ್ಲ?" ಎಂದರು. "ಅಕ್ಕ," ಎಂದೆ. ಅಭ್ಯಾಸ. ಚಿಕ್ಕಂದಿನಿಂದ ಯಾರು ಏನು ಕೇಳಿದರೂ ಅದೇ ಉತ್ತರ. "ಹಾಗಾದ್ರೆ ಅವ್ರ ನಂಬರ್ ಕೊಡಿ," ಎಂದರು. ಕೊಟ್ಟು ಎದ್ದು ಬಂದೆ.

ಜೂನ್ 6, ಶುಕ್ರವಾರ

ಗೊತ್ತಿಲ್ಲದ ನಂಬರ್. ಒಲೆಯ ಮೇಲೆ ಬೇಳೆ, ಕೈ ತುಂಬ ಈರುಳ್ಳಿ. ಹೊಸ ಗಿರಾಕಿ ಎಂದು ಎತ್ತಿದೆ. "ಹೇಳಿ ಸ್ವಾಮಿ, ಹೊಟ್ಟೆ ಏನಂತಿದೆ?"

ಆ ಕಡೆ ನಗು. "ಹೊಟ್ಟೆ ಸುಮ್ನಿದೆ. ನಾನು ಬ್ಯಾಂಕಿಂದ. ನೀವು ನಿನ್ನೆ ಬಂದಿದ್ದ ಹುಡುಗಿಯ ಅಕ್ಕನಾ?"

ಇಟ್ಟುಬಿಡಬೇಕಿತ್ತು. "ಹೌದು ಮೇಡಂ," ಎಂದಿತು ದನಿ.

ಆಮೇಲೆ ಅದು ನಿಲ್ಲಲೇ ಇಲ್ಲ. ಪ್ರೆಸ್ಸಿನ ಊಟ, ದೊಡ್ಡ ಒಲೆ ಯಾಕೆ ಬೇಕು, ಎಷ್ಟು ತಿಂಗಳಲ್ಲಿ ತೀರಿಸಬಹುದು, ಎಲ್ಲ ಪಟಪಟ ಹೇಳಿತು. "ನಮ್ಮ ಒಲೆ ಹೇಗಿದೆ ಅಂದ್ರೆ ಮೇಡಂ, ಪಾತ್ರೆ ಅದರ ಮೇಲೆ ಕೂತಿಲ್ಲ, ಒಲೇನೇ ಪಾತ್ರೆ ಕೆಳಗೆ ಅವಿತ್ಕೊಂಡಿದೆ." ಮೇಡಂ ಮತ್ತೆ ನಕ್ಕರು. ನಾನು ಈರುಳ್ಳಿ ಕೈಯಲ್ಲಿ ಹಿಡಿದು ಕೇಳುತ್ತಾ ನಿಂತಿದ್ದೆ.

"ನಿಮ್ಮಂಥೋರಿಗೆ ಸಾಲ ಕೊಡೋಕೆ ಧೈರ್ಯ ಬರುತ್ತೆ ನೋಡಿ. ನಿನ್ನೆ ಬಂದೋಳ ಬಾಯಲ್ಲಿ ಎರಡು ಮಾತು ಹೊರಡ್ಲಿಲ್ಲ. ನಿಮ್ಮ ಹೆಸರಲ್ಲೇ ಮಾಡೋಣ. ಹತ್ತೊಂಬತ್ತಕ್ಕೆ ನಾನೇ ಮನೆಗೆ ಬಂದು ಅಡುಗೆಮನೆ ನೋಡ್ತೀನಿ. ನೀವು ಇರಬೇಕು."

"ಇರ್ತೀನಿ ಮೇಡಂ. ಇನ್ನೆಲ್ಲಿ ಹೋಗ್ಲಿ?"

ಫೋನ್ ಇಟ್ಟೆ. ಬೇಳೆ ತಳ ಹಿಡಿದಿತ್ತು. ಒಳಗೆ ರೇಡಿಯೊ ಮತ್ತೆ ಶುರುವಾಯಿತು.

ಸ್ಕೂಟರ್ ಅಣ್ಣನಿಗೆ ಹೇಳಿದೆ. ಬಿದ್ದು ಬಿದ್ದು ನಕ್ಕ. "ಸತ್ತೋರಿಗೆ ಸಾಲ ಕೊಡೋ ಬ್ಯಾಂಕಾ? ನಮ್ಮಜ್ಜನ ಹೆಸರಲ್ಲೂ ಒಂದು ತಗೊಳ್ತೀನಿ ತಾಳು." ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದ. "ಬೇಡ ಕಣೇ ತಾಯಿ. ಹತ್ತೊಂಬತ್ತಕ್ಕೆ ಯಾರನ್ನ ತೋರಿಸ್ತೀಯ?"

ಜೂನ್ 10, ಮಂಗಳವಾರ

ಮೇಷ್ಟ್ರ ಫೋನ್. ದಿನವೂ ಒಂದು ದೂರು. ನಿನ್ನೆಯ ಆಲೂಗಡ್ಡೆ ಬೆಂದಿಲ್ಲ, ತಮ್ಮ ಹಲ್ಲು ನಮ್ಮ ಅಪ್ಪನ ಮನೆಯದಲ್ಲ ಎಂದು. ಅಕ್ಕನ ದನಿ ಸಮಾಧಾನ ಮಾಡಿತು. ಇಡುವ ಮುಂಚೆ ಅವರು ಕೇಳಿದರು, "ನಿಮ್ಮ ತಂಗಿ ಹೇಗಿದ್ದಾಳಮ್ಮ? ಆ ಮಾತಾಡದ ಹುಡುಗಿ. ನೀವು ಯಾವಾಗ್ಲೂ ಹೇಳ್ತಿದ್ರಲ್ಲ."

ಅಕ್ಕ ನನ್ನ ಬಗ್ಗೆ ಅವರ ಹತ್ತಿರ ಹೇಳುತ್ತಿದ್ದಳೆಂದು ನನಗೆ ಗೊತ್ತಿರಲಿಲ್ಲ. ಏನು ಹೇಳುತ್ತಿದ್ದಳೋ.

"ಅವಳಾ? ಅವಳು ಇಲ್ಲ ಸ್ವಾಮಿ," ಎಂದಿತು ದನಿ. ತಡೆಯುವುದರೊಳಗೆ ಬಂದುಬಿಟ್ಟಿತ್ತು.

"ಇಲ್ಲ ಅಂದ್ರೆ? ಮದುವೆ ಆಗೋಯ್ತಾ?"

"ದೂರ ಹೋದಳು."

"ಪಾಪ. ನಿಮಗೆ ಕೈ ಮುರಿದ ಹಾಗಾಗಿರಬೇಕು."

ಹೌದು ಸ್ವಾಮಿ ಎಂದು ಇಟ್ಟೆ. ಕನ್ನಡಿ ನೋಡಿಕೊಂಡೆ. ಇದ್ದೇನೆ.

ಜೂನ್ 12, ಗುರುವಾರ. ಮಧ್ಯಾಹ್ನ

ಅವಳು ಬರಲು ಇನ್ನು ಫೋನೇ ಬೇಕೆಂದಿಲ್ಲ.

ಬೆಳಿಗ್ಗೆ ತರಕಾರಿಯವಳ ಮುಂದೆ ನಿಂತಿದ್ದೆ. "ಏನ್ರೀ ಇದು, ಟೊಮೆಟೊ ನಿಮಗಿಂತ ಮೊದ್ಲೇ ಮುದಿಯಾಗಿದೆ?" ಎಂದಿತು ನನ್ನ ಬಾಯಿ. ಅವಳು ನನ್ನ ಹಿಂದೆ ಇಣುಕಿ ನೋಡಿದಳು. ನನ್ನ ಹಿಂದೆ ಯಾರೂ ಇರಲಿಲ್ಲ. ಅವಳ ಕೈ ತಕ್ಕಡಿಯಲ್ಲೇ ನಿಂತಿತ್ತು.

ಮನೆಗೆ ಬಂದು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡೆ. ನನ್ನ ದನಿ ಹೇಗಿತ್ತು? ನೆನಪು ಮಾಡಿಕೊಂಡೆ. ಸಣ್ಣದು, ಕೊನೆಗೆ ಉಸಿರಿಲ್ಲದಂತೆ ನಿಲ್ಲುತ್ತಿತ್ತು. "ಅಮ್ಮಾ" ಎಂದು ಕರೆದು ನೋಡೋಣ ಎನಿಸಿತು. ಅದೊಂದನ್ನಾದರೂ ದಿನಕ್ಕೆ ಹತ್ತು ಸಲ ಹೇಳುತ್ತಿದ್ದೆನಲ್ಲ.

"ಅಮ್ಮಾ..."

ಅಕ್ಕನ ಅಮ್ಮಾ ಬಂತು. ಕೊನೆಯಲ್ಲಿ ಎಳೆದು, ಮುದ್ದಾಗಿ.

ಒಳಗಿನಿಂದ ಅಮ್ಮ ತಕ್ಷಣ ಓಗೊಟ್ಟಳು. "ಬಂದ್ಯೇನೇ ದೊಡ್ಡವಳೇ?"

ಅಮ್ಮ ನನ್ನನ್ನು ಪುಟ್ಟಿ ಎನ್ನುತ್ತಾಳೆ. ದೊಡ್ಡವಳು ಅಕ್ಕ.

ನಾನು ನಲ್ಲಿ ಹಿಡಿದು ನಿಂತೆ. ಆಗ ಗೊತ್ತಾಯಿತು, ರೇಡಿಯೊ ನಿಂತಿತ್ತು. ನಾನು ಕರೆಯುವ ಮೊದಲೇ... ಫೋನ್ ಬರುವ ಹೊತ್ತು ಎಂದು ಅಮ್ಮ ನಿಲ್ಲಿಸಿ ಕೂತಿದ್ದಳು. ನನಗೆ ಕೇಳಲಿ ಎಂದಲ್ಲ. ತನಗೆ ಕೇಳಲಿ ಎಂದು.

ಜೂನ್ 18, ಬುಧವಾರ

ಬರೆಯಲಿಲ್ಲ ಇಷ್ಟು ದಿನ. ಬರೆದದ್ದೂ ಅವಳ ಮಾತಾದರೆ ಎಂದು ಹೆದರಿಕೆ.

ಯಾರ ಹತ್ತಿರವೂ ಮಾತಾಡಿಲ್ಲ, ಫೋನ್ ಬಿಟ್ಟು. ಅಡುಗೆಮನೆ ತಿಕ್ಕಿ ತೊಳೆದೆ. ನಾಳೆ ಮೇಡಂ ಬರುತ್ತಾರೆ. ಅಕ್ಕನ ಏಪ್ರನ್ ಮೊಳೆಯಲ್ಲೇ ಇದೆ. ತೆಗೆಯಲೇ? ಇರಲಿ.

ಅಕ್ಕ ಊರಿಗೆ ಹೋಗಿದ್ದಾಳೆ ಎನ್ನಬಹುದು. ಫೋನಿನಲ್ಲಿ ಮಾತಾಡಿಸಬಹುದು, ಹಿತ್ತಿಲಿಗೆ ಹೋಗಿ. ಸಹಿಯನ್ನೂ ಅವಳ ಹಾಗೇ ಹಾಕಬಲ್ಲೆ. ಸಾಲ ಬರುತ್ತದೆ, ಒಲೆ ಬರುತ್ತದೆ, ಪ್ರೆಸ್ಸಿನವರಿಗೆ ಊಟ ಹೋಗುತ್ತದೆ. ಅಮ್ಮನಿಗೂ ದಿನಾ ಅವಳ ದನಿ ಕೇಳುತ್ತಿರುತ್ತದೆ. ಎಲ್ಲರಿಗೂ ಅನುಕೂಲ.

ನಾನು "ದೂರ ಹೋದಳು" ಅಷ್ಟೆ.

ಜೂನ್ 19, ಗುರುವಾರ. ಸಂಜೆ

ಮೇಡಂ ಬಂದರು. ಒಲೆ ನೋಡಿದರು. ಪಾತ್ರೆ ಮುಚ್ಚಳ ತೆಗೆದು ಮೂಸಿದರು, ತಲೆದೂಗಿದರು. "ಎಲ್ಲಿ ನಿಮ್ಮ ಅಕ್ಕ?"

ಒಳಕೋಣೆಯಿಂದ ಅಮ್ಮ, "ಬರ್ತಾಳೆ. ಕೂತ್ಕೊಳ್ಳಿ," ಎಂದಳು.

ಮೇಡಂ ಸ್ಟೂಲಿನ ಮೇಲೆ ಕೂತರು. ಬಾಗಿಲ ಕಡೆ ನೋಡುತ್ತಿದ್ದರು. ಮೂವರೂ ಕಾದೆವು. ನಾನೂ ಕಾದೆ, ನಿಜಕ್ಕೂ. ಮೆಟ್ಟಿಲಲ್ಲಿ ಯಾರದೋ ಚಪ್ಪಲಿ ಸದ್ದಾದಾಗ ಬಾಗಿಲ ತನಕ ಹೋದೆ. ಪಕ್ಕದ ಮನೆಯವರು.

ಆಗ ಫೋನ್. ಮೇಷ್ಟ್ರು. ರೇಡಿಯೊ ನಿಂತಿತು. ಮೇಡಂ ನನ್ನನ್ನೇ ನೋಡುತ್ತಿದ್ದರು.

"ಹೇಳಿ," ಎಂದೆ. ಅಕ್ಕ ನಾಲಿಗೆಯ ತುದಿಗೆ ಬಂದು ನಿಂತಿದ್ದಳು. ಒಂದು ಹೆಜ್ಜೆ ಅಷ್ಟೆ. "ಸ್ವಾಮಿ" ಎನ್ನಲಿಲ್ಲ.

"ಮೇಷ್ಟ್ರೇ... ನಾನು ತಂಗಿ."

"ಯಾರು? ಕೇಳಿಸ್ತಿಲ್ಲ. ತಂಗಿ ದೂರ ಹೋದಳು ಅಂದ್ರಲ್ಲ?"

"ದೂರ ಹೋದದ್ದು ಅಕ್ಕ. ತೀರಿಹೋದಳು."

"ಯಾವಾಗ?"

"ಬೇಸಿಗೆಗೆ ಮುಂಚೆ."

"ಮತ್ತೆ ಇಷ್ಟು ದಿನ ನನ್ನ ಹತ್ರ ಬೈಸ್ಕೊಂಡೋರು?"

"ನಾನೇ."

"ನಾಳೆ ಊಟ ಬರುತ್ತಾ?" ಬರುತ್ತೆ ಎಂದೆ. "ಬೀನ್ಸ್ ಬೇಡ," ಎಂದು ಇಟ್ಟರು.

ಮೇಡಂ ಫೈಲು ಮುಚ್ಚಿದರು. "ಅವತ್ತು ನನ್ನ ಹತ್ರ ಮಾತಾಡಿದ್ದೂ..."

ತಲೆಯಾಡಿಸಿದೆ.

"ಬಾಯಲ್ಲಿ ಹೇಳಿ."

"ನಾನೇ ಮೇಡಂ."

"ಹೀಗೆ ಸುಳ್ಳು ಹೇಳಿದ್ರೆ ನಾನು ಹೇಗಮ್ಮ ಕೊಡ್ಲಿ? ಸತ್ತೋರ ಹೆಸರಲ್ಲಿ ಕಾಗದ ಮಾಡಿಬಿಡ್ತಿದ್ದೆ. ನನ್ನ ಕೆಲಸ ಹೋಗ್ತಿತ್ತು." ಕೋಪವಿತ್ತು. ಎದ್ದು ಹೊಸ್ತಿಲ ತನಕ ಹೋದರು. ಮೊಳೆಯಲ್ಲಿದ್ದ ಏಪ್ರನ್ ನೋಡಿದರು. "ಸೋಮವಾರ ಇದೇ ಹೊತ್ತಿಗೆ ಫೋನ್ ಮಾಡ್ತೀನಿ. ಇನ್ನೊಂದ್ಸಲ ಎಲ್ಲ ಮೊದಲಿಂದ ಕೇಳ್ತೀನಿ. ಯಾರು ಎತ್ತುತ್ತಾರೆ ನೋಡ್ತೀನಿ."

ಅವರು ಹೋದ ಮೇಲೆ ಒಳಗೆ ಹೋದೆ. ಅಮ್ಮನ ಮಡಿಲಲ್ಲಿ ಬೇಳೆ ಮೊರ. ಕೈ ಆಡುತ್ತಿರಲಿಲ್ಲ.

"ಈಗ ಹೋದಳು ನೋಡು," ಎಂದಳು. ಅಷ್ಟೆ.

ಜೂನ್ 21, ಶನಿವಾರ

ನಿನ್ನೆಯೂ ಇವತ್ತೂ ಫೋನ್ ಬಂದಾಗ ರೇಡಿಯೊ ನಿಲ್ಲಲಿಲ್ಲ. ಹಾಡಿನ ನಡುವೆಯೇ ಮಾತಾಡಿದೆ, ಒಂದು ಕಿವಿ ಮುಚ್ಚಿಕೊಂಡು. "ಹಲೋ, ನಾನು ತಂಗಿ" ಎನ್ನುತ್ತೇನೆ. ಕೆಲವರು ಅಕ್ಕನನ್ನು ಕೊಡಿ ಎನ್ನುತ್ತಾರೆ. ಒಬ್ಬರು ಊಟ ನಿಲ್ಲಿಸಿದರು, ಮೈ ನಡುಗುತ್ತೆ ಎಂದರು. ಅವರದು ತಪ್ಪಲ್ಲ. ನನಗೂ ನಡುಗುತ್ತದೆ.

ಮೇಷ್ಟ್ರ ಡಬ್ಬಿ ತೊಳೆದು ಬಂದಿದೆ. ಎಂದೂ ತೊಳೆದವರಲ್ಲ.

ಪ್ರೆಸ್ಸಿನವರು ಸೋಮವಾರ ಸಂಜೆಯ ತನಕ ಕಾಯುತ್ತಾರಂತೆ. ಸ್ಕೂಟರ್ ಅಣ್ಣ ಹೇಳಿದ. "ಜೋರಾಗಿ ಮಾತಾಡು. ಸೊಳ್ಳೆ ನಿನಗಿಂತ ವಾಸಿ." ಅಮ್ಮನ ಹತ್ತಿರ ಹೋಗಿ ಅಮ್ಮಾ ಎಂದೆ. ನನ್ನದೇ ದನಿ, ಸಣ್ಣದು. ಅಮ್ಮ ಗೋಡೆಯ ಕಡೆ ತಿರುಗಿ ಮಲಗಿದಳು.

ಜೂನ್ 23, ಸೋಮವಾರ

ಡಬ್ಬಿ ಎಲ್ಲ ಹೋಯಿತು. ಒಲೆ ಆರಿಸಿದೆ. ಕೈ ಒರೆಸಿಕೊಂಡು ಕೂತಿದ್ದೇನೆ. ಫೋನ್ ಮುಂದೆಯೇ ಇದೆ. ಅದು ಹೊಡೆದುಕೊಳ್ಳುವ ತನಕ ಕೈ ಸುಮ್ಮನಿರಲಾರದು, ಅದಕ್ಕೇ ಬರೆಯುತ್ತಿದ್ದೇನೆ. ಹೇಳಬೇಕಾದದ್ದು ಎಲ್ಲ ಗೊತ್ತಿದೆ. ಪ್ರೆಸ್ಸು, ಒಲೆ, ತೀರಿಸುವ ತಿಂಗಳು. ಅಕ್ಕ ಹೇಳಿದ್ದಷ್ಟೇ. ನಗಿಸಲು ಬರುವುದಿಲ್ಲ. ನಗಿಸದೆ ಹೇಳುತ್ತೇನೆ.

ಒಳಗೆ ರೇಡಿಯೊದಲ್ಲಿ ಯಾವುದೋ ಹಾಡು, ಜೋರಾಗಿ...

ಬಂತು. ಹೊಡೆದುಕೊಳ್ಳುತ್ತಿದೆ. ಬ್ಯಾಂಕಿನ ನಂಬರ್.

ರೇಡಿಯೊ ನಿಂತಿತು. ಮಂಚ ಕಿರುಗುಟ್ಟಿತು, ಅಮ್ಮ ಎದ್ದು ಕೂತಳು. ಕಿವಿಗೊಟ್ಟಿದ್ದಾಳೆ. ದೊಡ್ಡವಳಿಗೋ ಪುಟ್ಟಿಗೋ, ಗೊತ್ತಿಲ್ಲ. ಎತ್ತುತ್ತೇನೆ.